ಅಲಾಟ್‌ಮೆಂಟ್ ಪಟ್ಟಿ ಬಂದ ಮರುದಿನ

ಕಾಸರಗೋಡು, ಜೂನ್ 24, ಮಂಗಳವಾರ

ಡಿಗ್ರಿ ಸೀಟು ಹಂಚಿಕೆಯ ಪಟ್ಟಿ ನಿನ್ನೆ ಸಂಜೆ ಬಂದಿದೆ. ಇವತ್ತು, ನಾಳೆ, ನಾಡಿದ್ದು ಡಿಗ್ರಿ ಕಾಲೇಜಿನ ಹೆಲ್ಪ್ ಡೆಸ್ಕಿಗೆ ಬರುವವರಲ್ಲಿ ಸೀಟು ಸಿಕ್ಕಿದ ಮಕ್ಕಳಿಗಿಂತ ಸಿಗದವರ ತಂದೆತಾಯಿಯೇ ಹೆಚ್ಚು. ಪೆರ್ಲ, ಮುಳ್ಳೇರಿಯ, ಪೈವಳಿಕೆ ಕಡೆಯಿಂದ ಮಳೆಯಲ್ಲಿ ಬಸ್ಸು ಬದಲಿಸಿ ಬಂದವರಿಗೆ "ನಮ್ಮ ಕೈಯಲ್ಲಿ ಏನೂ ಇಲ್ಲ, ಎಲ್ಲ ಯೂನಿವರ್ಸಿಟಿಯದ್ದು" ಅಂದರೆ ಜಗಳ ಅಲ್ಲೇ ಶುರು. ಮಾತು ಸುಳ್ಳಲ್ಲ. ಕಣ್ಣೂರು ವಿಶ್ವವಿದ್ಯಾಲಯದ ಏಕಗವಾಕ್ಷಿ ಪದ್ಧತಿಯಲ್ಲಿ, ಅಂದರೆ ಎಲ್ಲ ಕಾಲೇಜಿಗೂ ಒಂದೇ ಅರ್ಜಿ ಹಾಕುವ ಕ್ರಮದಲ್ಲಿ, ಮೆರಿಟ್ ಸೀಟು ಹಂಚುವುದು ಕಾಲೇಜಲ್ಲ. ಆದರೂ ಅದು ಮೊದಲು ಹೇಳುವ ಮಾತಲ್ಲ. ಮೊದಲು ಅರ್ಜಿ ನಂಬರು ಕೇಳಬೇಕು, ವಿದ್ಯಾರ್ಥಿಯ ಮೊಬೈಲಿನಲ್ಲೇ ಪ್ರೊಫೈಲ್ ತೆರೆಸಬೇಕು, ಅಪ್ಪನಿಗೂ ಕಾಣುವ ಹಾಗೆ ಮೇಜಿನ ಮೇಲಿಡಿಸಬೇಕು. ಸೀಟು ಯಾಕೆ ತಪ್ಪಿತು ಎನ್ನುವುದು ಹೆಚ್ಚಿನ ಸಲ ಅಲ್ಲೇ ಇರುತ್ತದೆ. ಬಂದವರು ಅದನ್ನು ನೋಡಿಯೇ ಇರುವುದಿಲ್ಲ. ಅರ್ಜಿ ತುಂಬಿದ್ದು ಅಕ್ಷಯ ಕೇಂದ್ರದಲ್ಲಿ (ಕೇರಳದ ಆನ್‌ಲೈನ್ ಸೇವಾ ಕೇಂದ್ರ), ಪರದೆ ಇಂಗ್ಲಿಷಿನಲ್ಲಿ, ಸುತ್ತೋಲೆ ಮಲಯಾಳದಲ್ಲಿ. ಮನೆಯ ಮಾತು ಕನ್ನಡವೋ ತುಳುವೋ. ಕೊಟ್ಟ ಮೊಬೈಲ್ ನಂಬರು ಗಲ್ಫಿನಲ್ಲಿರುವ ಮಾವನದ್ದು ಆಗಿದ್ದರೆ ಮೆಸೇಜು ಅಲ್ಲಿಗೆ ಹೋಗಿರುತ್ತದೆ.

ಅತಿ ಹೆಚ್ಚು ಕೇಳಿಬರುವ ದೂರು: "ನನ್ನ ಮಗಳಿಗೆ ಅವಳಿಗಿಂತ ಜಾಸ್ತಿ ಮಾರ್ಕು, ಆದರೂ ಅವಳಿಗೆ ಸಿಕ್ಕಿತು." ಪ್ಲಸ್ ಟುವಿನ ಒಟ್ಟು 1200ರಲ್ಲಿ ಎಷ್ಟು ಎಂಬುದಷ್ಟೇ ಲೆಕ್ಕವಲ್ಲ, ಇಂಡೆಕ್ಸ್ ಮಾರ್ಕ್ ಬೇರೆ. ಕೋರ್ಸಿಗೆ ಸಂಬಂಧಿಸಿದ ವಿಷಯದ ಅಂಕ ಅದರಲ್ಲಿ ಮತ್ತೊಮ್ಮೆ ಸೇರುತ್ತದೆ. ಸೂತ್ರ ಕೋರ್ಸಿಂದ ಕೋರ್ಸಿಗೆ ಬದಲಾಗುತ್ತದೆ, ಪ್ರಾಸ್ಪೆಕ್ಟಸ್‌ನ ಆ ಪುಟವನ್ನು ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟಿರಬೇಕು. ಬಾಯಲ್ಲಿ ವಿವರಿಸಿದರೆ ತಲೆಗೆ ಹೋಗುವುದಿಲ್ಲ, ಕಾಗದದಲ್ಲಿ ಕೂಡಿಸಿ ತೋರಿಸಬೇಕು. ಒಟ್ಟು 1100, ಕೆಮಿಸ್ಟ್ರಿ 160 ಇರುವವಳದ್ದು 1260. ಒಟ್ಟು 1080, ಕೆಮಿಸ್ಟ್ರಿ 195 ಇರುವವಳದ್ದು 1275. ಪೆನ್ನು ಅಪ್ಪನ ಕೈಗೇ ಕೊಟ್ಟು ಕೂಡಿಸಲು ಹೇಳುವುದು ಇನ್ನೂ ಒಳ್ಳೆಯದು. ತಾನೇ ಕೂಡಿಸಿದ ಲೆಕ್ಕದ ಮೇಲೆ ಯಾರೂ ರೇಗುವುದಿಲ್ಲ.

ಆದರೆ ಆ "ಅವಳ" ಅಂಕವನ್ನು ಮಾತ್ರ ಹೇಳಬಾರದು. ನೆರೆಮನೆಯವಳೇ ಆಗಿರಲಿ, ಇನ್ನೊಬ್ಬ ವಿದ್ಯಾರ್ಥಿಯ ಅಂಕ, ಜಾತಿ, ಆದಾಯ ಕೌಂಟರಿನಲ್ಲಿ ಬಾಯಿಬಿಡುವ ವಿಷಯಗಳಲ್ಲ. ಹೇಳಬಹುದಾದದ್ದು ಇಷ್ಟು: ಈ ಕೋರ್ಸಿನಲ್ಲಿ, ನಿಮ್ಮ ಮೀಸಲಾತಿ ವಿಭಾಗದಲ್ಲಿ ಕೊನೆಯ ಸೀಟು ಯಾವ ಇಂಡೆಕ್ಸ್‌ಗೆ ನಿಂತಿತು. ಪಟ್ಟಿ ಬಂದ ರಾತ್ರಿಯೇ ಅದನ್ನು ಕೋರ್ಸು, ವಿಭಾಗವಾರು ಒಂದೇ ಹಾಳೆಯಲ್ಲಿ ಕನ್ನಡ ಮತ್ತು ಮಲಯಾಳದಲ್ಲಿ ಬರೆದು ಬಾಗಿಲ ಹೊರಗೆ ಅಂಟಿಸಿದರೆ ಸಾಲು ಅರ್ಧಕ್ಕರ್ಧ ಕರಗುತ್ತದೆ. ಅಷ್ಟಕ್ಕೂ ಒಪ್ಪದವರಿಗೆ ಮಾಹಿತಿ ಹಕ್ಕಿನ ದಾರಿ ಇದೆ: ₹10ರ ಶುಲ್ಕ, 30 ದಿನದೊಳಗೆ ಉತ್ತರ. ಇದನ್ನು ಬೆದರಿಕೆ ಅಂತ ತೆಗೆದುಕೊಳ್ಳದೆ, ಯಾರ ಹೆಸರಿಗೆ ಬರೆಯಬೇಕು ಎಂದು ನಾವಾಗಿಯೇ ಹೇಳಿಬಿಡುವುದು ವಾಸಿ.

ನಿಜವಾಗಿ ತಲೆಬಿಸಿ ಇರುವುದು ಸರ್ಟಿಫಿಕೇಟಿನ ಕೇಸುಗಳಲ್ಲಿ. ಮಗುವಿನ ಅಂಕ ಸಾಕಷ್ಟಿರುತ್ತದೆ, ಕಾಗದ ತಪ್ಪಿರುತ್ತದೆ.

ಹಿಂದುಳಿದ ವರ್ಗದವರಿಗೆ ನಾನ್ ಕ್ರೀಮಿಲೇಯರ್, ಅಂದರೆ ಆ ವರ್ಗದ ಉಳ್ಳವರ ಸಾಲಿಗೆ ಸೇರಿಲ್ಲ ಎಂಬ ಸರ್ಟಿಫಿಕೇಟು ಬೇಕು. ರಾಜ್ಯದ ಕೋರ್ಸುಗಳಿಗೆ ಅದನ್ನು ಕೊಡುವುದು ವಿಲೇಜ್ ಆಫೀಸರು, ಕೇಂದ್ರದ ಉದ್ದೇಶಕ್ಕೆ ಕೊಡುವುದು ತಹಶೀಲ್ದಾರರು. ಅಣ್ಣನ ಕೇಂದ್ರ ಸರಕಾರಿ ಪರೀಕ್ಷೆಗೆ ಮಾಡಿಸಿದ ಮಾದರಿಯನ್ನೇ ತಂಗಿಯ ಡಿಗ್ರಿಗೂ ಮಾಡಿಸಿ ತರುವವರಿದ್ದಾರೆ. "ತಹಶೀಲ್ದಾರರ ಸಹಿ ಇದೆ, ವಿಲೇಜ್ ಆಫೀಸರಿಗಿಂತ ಅವರು ದೊಡ್ಡವರಲ್ಲವೋ" ಎಂಬ ವಾದಕ್ಕೆ ನಗಬಾರದು, ಅವರ ದೃಷ್ಟಿಯಲ್ಲಿ ಅದು ಸರಿಯಾದ ಪ್ರಶ್ನೆಯೇ. ಬಿಲ್ಲವರದ್ದು ಇನ್ನೊಂದು. ಕೇರಳದ ಪಟ್ಟಿಯಲ್ಲಿ ಈಳವ, ತೀಯ, ಬಿಲ್ಲವ ಒಂದೇ ಗುಂಪು. ಅರ್ಜಿ ತುಂಬುವವನು ಇತರ ಹಿಂದುಳಿದ ಹಿಂದೂ ಎಂದು ಒತ್ತಿದರೆ ಹುಡುಗ ತನ್ನದಲ್ಲದ ಸಾಲಿನಲ್ಲಿ ನಿಂತ ಹಾಗಾಯಿತು. ತಿದ್ದುಪಡಿಗೆ ವಿಶ್ವವಿದ್ಯಾಲಯ ದಿನ ಕೊಡುತ್ತದೆ. ಆ ದಿನ ಕಳೆದಿದ್ದರೆ ಕಾಲೇಜಿನಲ್ಲಿ ಎಷ್ಟು ಕೂಗಿದರೂ ತಿದ್ದಲಾಗದು, ಮುಂದಿನ ತಿದ್ದುಪಡಿಯ ದಿನಾಂಕ ಬರೆದು ಕೊಡಬೇಕು.

ಮರಾಟಿ ಸಮುದಾಯದವರ ವಿಷಯದಲ್ಲಿ ಗಡಿ ಇನ್ನೂ ಚೂಪು. ಕೇರಳದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಅವರ ಹೆಸರು ಕಾಸರಗೋಡು ಜಿಲ್ಲೆಯ ಹೊಸದುರ್ಗ ಮತ್ತು ಕಾಸರಗೋಡು ತಾಲೂಕುಗಳಿಗೆ ಎಂದು ಇದೆ. ಮಂಜೇಶ್ವರ ತಾಲೂಕು ಆಮೇಲೆ ಕಾಸರಗೋಡಿನಿಂದ ಕಡಿದು ಮಾಡಿದ್ದು, ಹಾಗಾಗಿ "ನಮ್ಮ ತಾಲೂಕಿನ ಹೆಸರೇ ಪಟ್ಟಿಯಲ್ಲಿಲ್ಲವಲ್ಲ" ಎಂದು ಹೆದರಿ ಬರುವವರಿಗೆ ಇದನ್ನು ಬಿಡಿಸಿ ಹೇಳಬೇಕು. ಪುತ್ತೂರು, ಸುಳ್ಯದಿಂದ ಕರ್ನಾಟಕದ ಪ್ರಮಾಣಪತ್ರ ತಂದವರಿಗೆ ಇಲ್ಲಿ ಮೀಸಲು ಸೀಟು ಸಿಗುವುದಿಲ್ಲ. ಸಮುದಾಯ ಒಂದೇ, ನೆಂಟಸ್ತಿಕೆ ಒಂದೇ, ರಾಜ್ಯ ಬೇರೆ. ಕಷ್ಟದ ಮಾತು, ಸುತ್ತಿ ಬಳಸದೆ ನೇರ ಹೇಳುವುದೇ ಮರ್ಯಾದೆ.

ಸಾಮಾನ್ಯ ವರ್ಗದ ಅಡಿಕೆ ತೋಟದವರಿಗೆ ಆರ್ಥಿಕವಾಗಿ ಹಿಂದುಳಿದವರ ಶೇ. 10 ಮೀಸಲಾತಿಯ ಮೇಲೆ ಕಣ್ಣು. ಕೇಂದ್ರದ ನಿಯಮದಲ್ಲಿ ಆದಾಯದ ಮಿತಿ 8 ಲಕ್ಷ, ಕೃಷಿಭೂಮಿ 5 ಎಕರೆಗಿಂತ ಕಡಿಮೆ. ಕೇರಳದ ನಿಯಮದಲ್ಲಿ ಆದಾಯ 4 ಲಕ್ಷ, ಪಂಚಾಯತು ಪ್ರದೇಶದಲ್ಲಿ ಜಾಗ ಎರಡೂವರೆ ಎಕರೆಯವರೆಗೆ. ಮೂರೆಕ್ರೆಯ ತೋಟಕ್ಕೆ ಕೊಳೆರೋಗ ಬಂದು ಕೈಗೆ ಏನೂ ಸಿಗದಿದ್ದರೂ ಇಲ್ಲಿ ಅರ್ಹತೆ ಇಲ್ಲ. ಈ ಸಿಟ್ಟಿನಲ್ಲಿ ಸ್ವಲ್ಪ ನ್ಯಾಯವೂ ಇದೆ ಎಂದು ಕೌಂಟರಿನವರಿಗೆ ಅನಿಸಿದರೆ ತಪ್ಪಲ್ಲ. ಆದರೆ "ಹೌದು ಭಟ್ರೇ, ಅನ್ಯಾಯವೇ" ಎಂದು ಬಾಯಿಜಾರಿದರೆ ಆ ಮಾತು ಸಂಜೆಯೊಳಗೆ ವಾಟ್ಸಾಪಿನಲ್ಲಿ ಪ್ರಿನ್ಸಿಪಾಲರ ಹೇಳಿಕೆಯಾಗಿರುತ್ತದೆ.

ಫೀಸು ಕಟ್ಟದೆ ಸೀಟು ಕಳೆದುಕೊಂಡವರು ಎಲ್ಲರಿಗಿಂತ ಜೋರು, ಯಾಕೆಂದರೆ ಇವರಿಗೆ ಸಿಕ್ಕಿತ್ತು. ಸಿಕ್ಕಿದ್ದು ಅರ್ಜಿಯಲ್ಲಿ ಇಷ್ಟದ ಕ್ರಮದಲ್ಲಿ ಬರೆದ ನಾಲ್ಕನೇ ಆಪ್ಷನ್, ಬೇಕಾದದ್ದು ಒಂದನೆಯದು, "ಇದು ಬೇಡ, ಮುಂದಿನದು ನೋಡುವ" ಎಂದು ಸುಮ್ಮನಿದ್ದರು. ಹಣ ಕಟ್ಟಿ ಹಿಡಿದಿಟ್ಟುಕೊಂಡಿದ್ದರೆ ಮೇಲಿನ ಆಪ್ಷನ್‌ಗಳು ಜೀವಂತ ಇರುತ್ತಿದ್ದವು. ಕಟ್ಟದಿದ್ದವರು ಪ್ರಕ್ರಿಯೆಯಿಂದಲೇ ಹೊರಗೆ. ತಿರುಗಾಮುರುಗ ಕೇಸೂ ಉಂಟು: ಸಿಕ್ಕಿದ ಕಾಲೇಜೇ ಇಷ್ಟವಾಗಿ, ಮೇಲಿನ ಆಪ್ಷನ್ ರದ್ದು ಮಾಡದೆ ಬಿಟ್ಟದ್ದು. ಮುಂದಿನ ಸುತ್ತಿನಲ್ಲಿ ಅದು ಸಿಕ್ಕಿತು, ಇಲ್ಲಿನ ಸೀಟು ತಾನಾಗಿ ಬೇರೆಯವರಿಗೆ ಹೋಯಿತು. ಮನೆಯಿಂದ ಅರ್ಧ ಗಂಟೆಯ ಕಾಲೇಜು ಬಿಟ್ಟು ಹುಡುಗಿ ಈಗ ಕಣ್ಣೂರಿನ ಹಾಸ್ಟೆಲು ಹುಡುಕಬೇಕು. ಅಡ್ಮಿಶನ್ ದಿನವೇ ಪ್ರತಿಯೊಬ್ಬರನ್ನೂ ಕೇಳಿ, "ಇಲ್ಲೇ ಇರುತ್ತೀರಾ, ಮೇಲಿನದು ಬೇಕಾ" ಎಂಬುದಕ್ಕೆ ಸಹಿ ತೆಗೆದುಕೊಂಡರೆ ಈ ಜಗಳ ಹುಟ್ಟುವುದೇ ಇಲ್ಲ.

ಇನ್ನು ಕೂರಿಸುವ ಕ್ರಮ. ಸರ್ಟಿಫಿಕೇಟು ನೋಡುವ ಮೇಜು ಮತ್ತು ದೂರು ಕೇಳುವ ಮೇಜು ಬೇರೆ ಬೇರೆ ಕೋಣೆಯಲ್ಲಿ ಇರಬೇಕು. ಸೀಟು ಸಿಕ್ಕಿದವರು ಫೀಸಿನ ರಶೀದಿ ಹಿಡಿದು ನಗುವಾಗ ಪಕ್ಕದಲ್ಲೇ ಸಿಗದವನನ್ನು ಕೂರಿಸುವುದು ಬೆಂಕಿಗೆ ತುಪ್ಪ. ದೂರಿನ ಮೇಜಿನಲ್ಲಿ ಇಬ್ಬರಿರಬೇಕು, ಒಬ್ಬರಿಗಾದರೂ ಕನ್ನಡ, ತುಳು ಬರಬೇಕು. ನಿಂತು ಮಾತಾಡುವವರ ದನಿ ಏರುತ್ತದೆ, ಆದ್ದರಿಂದ "ಕೂತ್ಕೊಳ್ಳಿ ಅಕ್ಕ" ಎನ್ನುವುದು ಉಪಚಾರವಷ್ಟೇ ಅಲ್ಲ. ಮೊದಲ ಎರಡು ನಿಮಿಷ ಮಧ್ಯೆ ಬಾಯಿ ಹಾಕದೆ ಕೇಳಿ, ಆಮೇಲೆ ಮಗುವಿನ ಹತ್ತಿರ ಮಾತಾಡಬೇಕು. ಎಷ್ಟೋ ಸಲ ಅಪ್ಪ ಕೂಗುತ್ತಿರುವ ಕೋರ್ಸು ಮಗನಿಗೆ ಬೇಡವೇ ಬೇಡ, ಅವನ ಮೊದಲ ಆಪ್ಷನ್ ಬೇರೆಯೇ ಇರುತ್ತದೆ. ಅದು ಪರದೆಯಲ್ಲಿ ಕಂಡರೆ ಅಪ್ಪನೆದುರು ಓದಿ ಹೇಳಬಾರದು. ಫೋಟೊಕಾಪಿಗೆಂದು ಅಪ್ಪನನ್ನು ಹೊರಗೆ ಕಳಿಸಿ ಹುಡುಗನನ್ನು ಕೇಳಬೇಕು.

ಪಂಚಾಯತು ಮೆಂಬರರದ್ದೋ ಪಕ್ಷದ ಆಫೀಸಿನದ್ದೋ ಪತ್ರ ತಂದರೆ ಹಿಂದೆ ಕೊಡಬೇಡಿ, ವಾದವೂ ಬೇಡ. ಇನ್‌ವರ್ಡ್ ಸೀಲು ಹಾಕಿ ತೆಗೆದುಕೊಂಡು, ರ‍್ಯಾಂಕು ಇದರಿಂದ ಬದಲಾಗುವುದಿಲ್ಲ ಎಂದು ಅಲ್ಲೇ ಹೇಳಿದರಾಯಿತು. ಕನ್ನಡದಲ್ಲಿ ಬರೆದ ಅರ್ಜಿಯನ್ನು "ಮಲಯಾಳದಲ್ಲಿ ಬರೆದು ತನ್ನಿ" ಎಂದು ತಿರುಗಿಸುವುದಂತೂ ಕೂಡದು. ಯಾರಾದರೂ ವೀಡಿಯೊ ಹಿಡಿದರೆ ಮೊಬೈಲ್ ಕಸಿಯಲು ಹೋಗದೆ, ಬೇರೆ ಮಕ್ಕಳ ಕಾಗದ ಮಗುಚಿಟ್ಟು ಅದೇ ದನಿಯಲ್ಲಿ ಮಾತು ಮುಂದುವರಿಸಬೇಕು. ಬೈಗಳಿಗೆ ಉತ್ತರವಿಲ್ಲ. ಮೇಜು ಗುದ್ದಿದರೆ ಎರಡನೆಯವರು ಪ್ರಿನ್ಸಿಪಾಲರ ಕೋಣೆಗೆ ಕರೆದೊಯ್ಯುತ್ತಾರೆ. ಮೈಮುಟ್ಟಿದರೆ ಮಾತ್ರ ಪೊಲೀಸು.

ಯಾರನ್ನೂ ಬರಿಗೈಯಲ್ಲಿ ಕಳಿಸಬಾರದು. ಚೀಟಿಯಲ್ಲಿ ಅರ್ಜಿ ನಂಬರು, ಸೀಟು ಸಿಗದ ಕಾರಣ ಒಂದು ಸಾಲು, ಮುಂದೆ ಮಾಡಬೇಕಾದ್ದು, ಅದರ ಕೊನೆಯ ದಿನ. ನಕಲು ರಿಜಿಸ್ಟರಿನಲ್ಲಿ. ನಾಳೆ ಅದೇ ಮನೆಯ ಚಿಕ್ಕಪ್ಪ ಬಂದಾಗ ಹೊಸಬರು ಕೂತಿದ್ದರೂ ಉತ್ತರ ಒಂದೇ ಇರುತ್ತದೆ. "ಸ್ಪಾಟಿನಲ್ಲಿ ಖಂಡಿತ ಸಿಗುತ್ತದೆ" ಎಂದು ಸಮಾಧಾನಕ್ಕೆ ಬರೆಯಬಾರದು (ಸ್ಪಾಟ್ ಅಂದರೆ ಸುತ್ತುಗಳು ಮುಗಿದ ಮೇಲೆ ಉಳಿದ ಸೀಟಿಗೆ ನೇರ ಅಡ್ಮಿಶನ್). ಈ ವಾರ ತಪ್ಪಿಸಿಕೊಂಡ ಜಗಳ ಮುಂದಿನ ತಿಂಗಳು ದುಪ್ಪಟ್ಟಾಗಿ ಬರುತ್ತದೆ.

ಸ್ಪಾಟ್‌ಗೆ ಬರುವವರ ಚೀಟಿಯಲ್ಲಿ ಒಂದು ಸಾಲು ಕೆಂಪು ಶಾಯಿಯಲ್ಲಿ: ಅಸಲು ಟಿ.ಸಿ. ಕೈಯಲ್ಲಿರಬೇಕು. ಬೇರೆ ಕಾಲೇಜಿನಲ್ಲಿ ಸೇರಿ ಅಲ್ಲೇ ಟಿ.ಸಿ. ಇಟ್ಟವರು ಬಿಡಿಸಿಕೊಳ್ಳುವಷ್ಟರಲ್ಲಿ ಸರತಿ ಮುಂದಕ್ಕೆ ಹೋಗಿರುತ್ತದೆ. ಮಂಗಳೂರಿನ ಕಾಲೇಜಿನಲ್ಲಿ ಇಟ್ಟಿದ್ದರೆ ಹೋಗಿ ಬರಲಿಕ್ಕೇ ಒಂದು ದಿನ ಬೇಕು. ಆದ್ದರಿಂದ ಅಲ್ಲಿಯ ಆಫೀಸಿಗೆ ಮೊದಲೇ ಫೋನ್ ಮಾಡಿ, ಟಿ.ಸಿ. ಯಾವಾಗ ಕೊಡುತ್ತಾರೆ, ಕಟ್ಟಿದ ಫೀಸಿನಲ್ಲಿ ಎಷ್ಟು ಹಿಂದೆ ಬರುತ್ತದೆ ಎಂದು ಕೇಳಿಕೊಂಡೇ ಹೊರಡಲು ಹೇಳಬೇಕು.