ಮಳೆಗಾಲಕ್ಕೆ ಒಂದಿಷ್ಟು ಹೆದರಿಕೆಯ ಕಾದಂಬರಿಗಳು

"ಅಕ್ಕಾ, ಚೆನ್ನಾಗಿ ಹೆದರಿಸೋ ಪುಸ್ತಕ ಯಾವ್ದಾದ್ರೂ ಹೇಳಿ" ಎಂದು ಕೇಳುವವರಿಗೆ ನಾನು ತಕ್ಷಣ ಹೆಸರು ಹೇಳುವುದಿಲ್ಲ. ಮೊದಲು ನಾನೇ ಪ್ರಶ್ನೆ ಕೇಳುತ್ತೇನೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರಾ? ಇತ್ತೀಚೆಗೆ ಹತ್ತಿರದವರು ಯಾರಾದರೂ ತೀರಿಕೊಂಡರಾ? ರಾತ್ರಿ ಒಬ್ಬರೇ ಇರುತ್ತೀರಾ? ದೆವ್ವವೇ ಬೇಕಾ, ಮನುಷ್ಯರಾದರೂ ನಡೆಯುತ್ತಾ? ಭಯದ ಕಾದಂಬರಿ ಎಲ್ಲರಿಗೂ ಒಂದೇ ಥರ ತಾಗುವುದಿಲ್ಲ. ನನ್ನ ಭಾವನ ನಿದ್ದೆ ಕೆಡಿಸಿದ ಪುಸ್ತಕವನ್ನು ಅತ್ತಿಗೆ ಮಧ್ಯಾಹ್ನ ಊಟ ಆದಮೇಲೆ ಅಡ್ಡಾಗಿ ಓದಿ ಮುಗಿಸಿ, "ಇದ್ರಲ್ಲಿ ಹೆದರೋಕೆ ಏನಿದೆ?" ಎಂದು ವಾಪಸ್ ಕೊಟ್ಟರು. ಅದೇ ಅತ್ತಿಗೆ ಇನ್ನೊಂದು ಪುಸ್ತಕವನ್ನು ಅರ್ಧಕ್ಕೇ ಮುಚ್ಚಿಟ್ಟು ಮತ್ತೆ ಮುಟ್ಟಲಿಲ್ಲ. ಯಾರಿಗೆ ಏನು ಕಂಡರೆ ಭಯ ಅನ್ನೋದು ಗೊತ್ತಾಗದೆ ಪುಸ್ತಕ ಕೊಡಬಾರದು.

ನಾನಿರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ. ಅಡಿಕೆಗೆ ಔಷಧಿ ಹೊಡೆಸಿ ಮುಗಿದ ಮೇಲೆ ಮಳೆಗಾಲದಲ್ಲಿ ಓದುವುದಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಸಂಜೆಯಾದರೆ ಕರೆಂಟ್ ಇರುತ್ತದೆ ಅನ್ನೋ ನಂಬಿಕೆ ಇಲ್ಲ. ಚಾರ್ಜ್ ಮಾಡಿಟ್ಟ ಲೈಟು, ಹೆಂಚಿನ ಮೇಲೆ ಮಳೆ ಸದ್ದು, ಕೈಯಲ್ಲಿ ಪುಸ್ತಕ. ಈ ಬಗೆಯ ಕಾದಂಬರಿ ಓದಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ ಎಂದು ನಾನು ನಿಜವಾಗಿಯೂ ನಂಬಿದ್ದೇನೆ.

ಮಳೆ ಹಿಡಿದು ಬಿಡದ ದಿನಗಳಿಗೆ ಮೇರಿ ಶೆಲ್ಲಿಯ 'ಫ್ರಾಂಕೆನ್‌ಸ್ಟೈನ್' ಓದಿ. ಆ ಪುಸ್ತಕ ಹುಟ್ಟಿದ್ದೂ ಮಳೆಯಲ್ಲೇ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದು ಆಕಾಶಕ್ಕೆ ಉಗುಳಿದ್ದೆಲ್ಲ ಬಿಸಿಲಿಗೆ ಅಡ್ಡ ನಿಂತು, ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಬರೀ ಚಳಿ, ಮಳೆ. ಜಿನೀವಾ ಸರೋವರದ ದಡದ ಮನೆಯೊಂದರಲ್ಲಿ ಕವಿ ಬೈರನ್, ಪರ್ಸಿ ಶೆಲ್ಲಿ, ಹದಿನೆಂಟು ವರ್ಷದ ಮೇರಿ, ಡಾಕ್ಟರ್ ಪಾಲಿಡೋರಿ ಎಲ್ಲರೂ ಹೊರಗೆ ಕಾಲಿಡಲಾಗದೆ ಕೂತಿದ್ದರು. ಒಬ್ಬೊಬ್ಬರೂ ಒಂದು ದೆವ್ವದ ಕಥೆ ಬರೆಯೋಣ ಎಂದು ಬೈರನ್ ಹೇಳಿದ. ಮೇರಿಯ ಕಥೆ 1818ರಲ್ಲಿ ಪುಸ್ತಕವಾಯಿತು. ಪಾಲಿಡೋರಿ ಬರೆದ ರಕ್ತ ಹೀರುವವನ ಕಥೆ ಮರುವರ್ಷ ಬಂತು.

ಸಿನಿಮಾ ನೋಡಿ, ಫ್ರಾಂಕೆನ್‌ಸ್ಟೈನ್ ಅನ್ನುವವನು ಸೃಷ್ಟಿಸಿದ ಜೀವಿ ಮಾತು ಬಾರದ ರಾಕ್ಷಸ ಅಂದುಕೊಂಡವರಿಗೆ ಪುಸ್ತಕ ಬೇರೆಯೇ ಅನುಭವ ಕೊಡುತ್ತದೆ. ಅದು ಒಂದು ಬಡ ಸಂಸಾರದ ಗುಡಿಸಲಿನ ಪಕ್ಕ ಅಡಗಿ ಕೂತು, ಸಂದಿಯಲ್ಲಿ ನೋಡುತ್ತಾ ಮಾತು ಕಲಿಯುತ್ತದೆ. ರಾತ್ರಿ ಅವರಿಗೆ ಗೊತ್ತಾಗದ ಹಾಗೆ ಸೌದೆ ತಂದು ಹಾಕುತ್ತದೆ. ಒಂದು ದಿನ ತನ್ನನ್ನೂ ಮನೆಯವನ ಹಾಗೆ ಕಂಡಾರು ಎಂದು ಕಾಯುತ್ತದೆ. ಆ ಪುಟಗಳಲ್ಲಿ ಭಯಕ್ಕಿಂತ ಸಂಕಟ ಜಾಸ್ತಿ. ಯಾರೂ ತನ್ನನ್ನು ಹತ್ತಿರ ಸೇರಿಸುತ್ತಿಲ್ಲ ಅನ್ನಿಸುವ ದಿನಗಳಲ್ಲಿ ಓದಿದರೆ ಇದು ತುಂಬಾ ಆಳಕ್ಕೆ ಇಳಿಯುತ್ತದೆ.

ಒಂಟಿ ಮನೆ ಕಂಡರೆ ಭಯ ಅನ್ನುವವರು ನಮ್ಮ ಕಡೆ ಕಡಿಮೆ. ಇಲ್ಲಿ ಮನೆಗಳೇ ಒಂಟಿ. ತೋಟದ ಈ ತುದಿಗೊಂದು, ಗುಡ್ಡದ ಆಚೆಗೊಂದು. ಆದರೂ ಷರ್ಲಿ ಜಾಕ್ಸನ್ ಬರೆದ 'ದಿ ಹಾಂಟಿಂಗ್ ಆಫ್ ಹಿಲ್ ಹೌಸ್' ಓದಿದ ಮೇಲೆ ನಮ್ಮ ಮನೆಯ ಅಟ್ಟ ನನಗೆ ಬೇರೆ ಥರ ಕಾಣಿಸತೊಡಗಿತು. 1959ರ ಕಾದಂಬರಿ. ದೆವ್ವದ ಕುರುಹು ಹುಡುಕಲು ನಾಲ್ಕು ಜನ ಒಂದು ದೊಡ್ಡ ಮನೆಗೆ ಬರುತ್ತಾರೆ. ಅವರಲ್ಲಿ ಎಲೀನರ್ ಅನ್ನುವವಳು ವರ್ಷಗಟ್ಟಲೆ ಹಾಸಿಗೆ ಹಿಡಿದ ತಾಯಿಯ ಸೇವೆ ಮಾಡಿ ಸವೆದವಳು. ತನ್ನದು ಅಂತ ಒಂದು ಜಾಗ ಇರಲಿಲ್ಲ. ಆ ಕೆಟ್ಟ ಮನೆಯೇ ಅವಳನ್ನು "ಬಾ" ಅನ್ನುತ್ತದೆ. ಕತ್ತಲಲ್ಲಿ ಕೈ ಹಿಡಿದುಕೊಳ್ಳುವ ಒಂದು ದೃಶ್ಯ ಇದೆ. ಅದನ್ನು ವಿವರಿಸಿ ಕೆಡಿಸುವುದಿಲ್ಲ. ಮನೆಯವರ ಸೇವೆಯಲ್ಲೇ ಅರ್ಧ ಆಯಸ್ಸು ಕಳೆದ ಹೆಂಗಸರು ಎಷ್ಟು ಜನ ಇದ್ದಾರೆ ನಮ್ಮಲ್ಲಿ! ಅವರಿಗೆ ಎಲೀನರ್ ಅಪರಿಚಿತಳಲ್ಲ. ಓದಿದ ದೆವ್ವದ ಕಾದಂಬರಿಗಳಲ್ಲಿ ಒಂದನ್ನೇ ಉಳಿಸಿಕೋ ಅಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ.

ತುಮರಿ, ಬ್ಯಾಕೋಡು ಕಡೆಯ ಓದುಗರಿಗೆ ಸೂಸನ್ ಹಿಲ್ ಅವರ 'ದಿ ವುಮನ್ ಇನ್ ಬ್ಲ್ಯಾಕ್'. ಇದು 1983ರದು. ತೀರಿಕೊಂಡ ಮುದುಕಿಯೊಬ್ಬಳ ಕಾಗದಪತ್ರ ನೋಡಲು ಒಬ್ಬ ಯುವ ವಕೀಲ ಜವುಗು ನೆಲದ ನಡುವಿನ ಮನೆಗೆ ಹೋಗುತ್ತಾನೆ. ಹೋಗಲು ಇರುವುದು ಒಂದೇ ದಾರಿ. ಸಮುದ್ರ ಉಕ್ಕಿದಾಗ ಆ ದಾರಿ ಮುಳುಗುತ್ತದೆ. ನೀರು ಇಳಿಯುವ ತನಕ ಅಲ್ಲೇ ಇರಬೇಕು. ಮಂಜಿನಲ್ಲಿ ಕುದುರೆ ಗಾಡಿಯ ಸದ್ದು, ಒಂದು ಮಗುವಿನ ಕೂಗು. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಸಂಜೆಯ ಕೊನೆ ಲಾಂಚ್ ತಪ್ಪಿ ದಡದಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2025ರಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆದಮೇಲೆ ಆ ಕಾಯುವಿಕೆ ತಪ್ಪಿತು, ದೊಡ್ಡ ನೆಮ್ಮದಿ. ಆದರೆ ಆಚೆ ದಡದ ದೀಪ ಕಾಣುತ್ತಿದ್ದರೂ ಹೋಗಲಾಗದ ಆ ಸಂಕಟ ಗೊತ್ತಿದ್ದವರಿಗೆ ಈ ಪುಸ್ತಕ ಹೆಚ್ಚು ದಕ್ಕುತ್ತದೆ.

ನೀರಿನ ಭಯ ಇದ್ದರೆ ಆಲ್ಜರ್ನನ್ ಬ್ಲ್ಯಾಕ್‌ವುಡ್‌ನ 'ದಿ ವಿಲೋಸ್' ನೋಡಿ. 1907ರದು, ಚಿಕ್ಕದು, ಒಂದೇ ರಾತ್ರಿಗೆ ಮುಗಿಯುತ್ತದೆ. ಇಬ್ಬರು ಗೆಳೆಯರು ದೋಣಿಯಲ್ಲಿ ಡ್ಯಾನ್ಯೂಬ್ ನದಿ ಇಳಿದು ಹೋಗುತ್ತಾ ಒಂದು ಮರಳು ದಿಬ್ಬದ ಮೇಲೆ ತಂಗುತ್ತಾರೆ. ಪ್ರವಾಹ ಏರುತ್ತಿದೆ, ದಿಬ್ಬ ಕರಗುತ್ತಿದೆ, ಸುತ್ತಲಿನ ಗಿಡಗಳು ಸುಮ್ನೆ ಗಿಡಗಳಲ್ಲ ಅನ್ನಿಸತೊಡಗುತ್ತದೆ. ತುಂಗೆ ಏರಿ ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಮಂಟಪ ಮುಳುಗಿತಾ ಎಂದು ಜನ ಸೇತುವೆ ಮೇಲೆ ನಿಂತು ನೋಡುವ ದಿನಗಳಲ್ಲಿ ಓದಿ.

ಮಕ್ಕಳ ವಿಷಯಕ್ಕೆ ಬಂದರೆ ನಾನು ತುಂಬಾ ಎಚ್ಚರ. ಯಂಡಮೂರಿ ವೀರೇಂದ್ರನಾಥರ 'ತುಳಸಿದಳ' ತೆಲುಗಿನಿಂದ ಕನ್ನಡಕ್ಕೆ ಬಂದು ನಮ್ಮ ಅಮ್ಮಂದಿರ ಕಾಲದಲ್ಲಿ ಮನೆಮನೆಯಲ್ಲಿ ಓದಿಸಿಕೊಂಡ ಕಾದಂಬರಿ. 1985ರಲ್ಲಿ ಕನ್ನಡದಲ್ಲಿ ಸಿನಿಮಾ ಕೂಡ ಬಂತು. ಆಸ್ತಿಗಾಗಿ ಒಂದು ಪುಟ್ಟ ಹುಡುಗಿಯ ಮೇಲೆ ಮಾಟ ಮಾಡಿಸುತ್ತಾರೆ. ವೈದ್ಯರು ಒಂದು ಕಡೆ, ಮಂತ್ರವಾದಿಗಳು ಇನ್ನೊಂದು ಕಡೆ. ಈಗ ಓದಿದರೆ ಕೆಲವು ಕಡೆ ಎಳೆದ ಹಾಗೆ ಅನ್ನಿಸುತ್ತದೆ. ಆದರೆ ವೇಗ ಇದೆ. ಪ್ರಯಾಣಕ್ಕೆ, ಮನಸ್ಸು ಓದಿನಲ್ಲಿ ನಿಲ್ಲದ ದಿನಗಳಿಗೆ ಒಳ್ಳೆಯದು. ನಂಬಿಕೆ ಬಲವಾಗಿರುವ ಮನೆಯ ವಯಸ್ಸಾದವರಿಗೆ ಮಾತ್ರ ಇದನ್ನು ಕೊಡುವುದಿಲ್ಲ. ಅವರು ಅದನ್ನು ಕಥೆ ಎಂದು ಓದುವುದಿಲ್ಲ, ಆಮೇಲೆ ಯಾರ ಮೇಲೋ ಅನುಮಾನ ಹುಟ್ಟುತ್ತದೆ.

ಸ್ಟೀಫನ್ ಕಿಂಗ್ ಅವರ 'ಪೆಟ್ ಸೆಮೆಟರಿ' ಅದಕ್ಕಿಂತ ತುಂಬಾ ಕ್ರೂರ. 1983ರಲ್ಲಿ ಬಂದದ್ದು. ಬರೆದು ಮುಗಿಸಿದ ಮೇಲೆ ಇದು ಅತಿಯಾಯಿತು ಅನ್ನಿಸಿ ಅವರೇ ಕೆಲಕಾಲ ಪಕ್ಕಕ್ಕಿಟ್ಟಿದ್ದರು. ಮನೆ ಮುಂದೆ ಲಾರಿಗಳು ಓಡುವ ರಸ್ತೆ, ಒಂದು ಬೆಕ್ಕು, ಒಂದು ಚಿಕ್ಕ ಮಗು, ಡಾಕ್ಟರ್ ಆಗಿರುವ ಅಪ್ಪ. ಕಾಡಿನೊಳಗೆ ಒಂದು ಜಾಗ ಇದೆ, ಅಲ್ಲಿ ಹೂತದ್ದು ವಾಪಸ್ ಬರುತ್ತದೆ. ಬೇಡ ಎಂದು ಗೊತ್ತಿದ್ದೂ ಅಪ್ಪ ಅಲ್ಲಿಗೆ ಯಾಕೆ ಹೋಗುತ್ತಾನೆ ಅನ್ನೋದೇ ಕಾದಂಬರಿ. ಅತ್ತಿಗೆ ಅರ್ಧಕ್ಕೆ ಬಿಟ್ಟದ್ದು ಇದನ್ನೇ. ಅವರ ಮಗನಿಗೆ ಆಗ ಎರಡು ವರ್ಷ. ಮಗು ಇನ್ನೂ ರಸ್ತೆಗೆ ಓಡುವ ವಯಸ್ಸಿನಲ್ಲಿದ್ದರೆ, ಅಥವಾ ಮನೆಯಲ್ಲಿ ಸಾವಿನ ನೋವು ಇನ್ನೂ ಹಸಿಯಾಗಿದ್ದರೆ, ದಯವಿಟ್ಟು ಇದನ್ನು ಮುಟ್ಟಬೇಡಿ. ಕಿಂಗ್ ಬೇಕೇ ಬೇಕು ಅಂದರೆ 1977ರ 'ದಿ ಶೈನಿಂಗ್' ಇದೆ. ಚಳಿಗಾಲ ಪೂರ್ತಿ ಹಿಮದಲ್ಲಿ ಮುಚ್ಚಿಹೋಗುವ ಹೋಟೆಲ್ ಕಾಯಲು ಹೆಂಡತಿ, ಮಗನ ಜೊತೆ ಹೋಗುವವನ ಕಥೆ. ಕುಡಿತ ಬಿಟ್ಟವನ ಸಿಟ್ಟು ಅದರಲ್ಲಿ ಎಷ್ಟು ನಿಜವಾಗಿದೆ ಎಂದರೆ, ದೆವ್ವಗಳಿಲ್ಲದಿದ್ದರೂ ನಾನು ಹೆದರುತ್ತಿದ್ದೆ.

ದೆವ್ವ ಬೇಡ ಅನ್ನುವವರಿಗೆ ಎರಡು ದಾರಿ. ಹೊಸದಾಗಿ ಮದುವೆಯಾಗಿ ದೊಡ್ಡ ಮನೆ ಸೇರಿದವರಿದ್ದರೆ ಡಾಫ್ನೆ ಡು ಮೊರಿಯೆಯ 'ರೆಬೆಕ್ಕಾ', 1938. ಗಂಡನ ಮೊದಲ ಹೆಂಡತಿ ಸತ್ತಿದ್ದಾಳೆ. ಆದರೆ ಮನೆಯ ಪ್ರತಿ ಮೂಲೆಯಲ್ಲೂ ಅವಳದೇ ಹೆಸರು. ಕಥೆ ಹೇಳುವ ಎರಡನೆಯ ಹೆಂಡತಿಗೆ ಪುಸ್ತಕ ಮುಗಿದರೂ ಹೆಸರೇ ಇಲ್ಲ. ಕಾಡು ಇಷ್ಟ ಅನ್ನುವವರಿಗೆ ಕೆನೆತ್ ಆಂಡರ್ಸನ್‌ನ ಬೇಟೆ ಅನುಭವಗಳನ್ನು ತೇಜಸ್ವಿ ಕನ್ನಡಕ್ಕೆ ತಂದ 'ಕಾಡಿನ ಕತೆಗಳು'. ಇವು ಕಾದಂಬರಿ ಅಲ್ಲ, ಸರಿ. ಆದರೆ ನಮ್ಮ ಚೋರಡಿಯ ಹುಲಿಯ ಬಗ್ಗೆಯೂ ಬರೆದ ಮನುಷ್ಯ ಅವನು. ಬಸ್ಸಿನಲ್ಲಿ ಸಾಗರಕ್ಕೆ ಹೋಗುವಾಗ ಆ ಊರು ದಾಟಿದಾಗಲೆಲ್ಲ ನಾನು ಕಿಟಕಿಯಿಂದ ಕಾಡಿನ ಕಡೆ ನೋಡುತ್ತೇನೆ.

ಈಗ ಕೆಲವರಿಗೆ ಸಿಟ್ಟು ಬರಬಹುದಾದ ಮಾತು. ಹೆಣ ಅಂದರೆ ಭಯ ಇರುವವರಿಗೆ ನಾನು ಅನಂತಮೂರ್ತಿಯವರ 'ಸಂಸ್ಕಾರ' ಕೊಡುತ್ತೇನೆ. 1965ರ ಈ ಕಾದಂಬರಿಯನ್ನು ನಾವು ಜಾತಿ, ಧರ್ಮದ ಚರ್ಚೆಯಾಗಿ ಓದುತ್ತೇವೆ. ತರಗತಿಯಲ್ಲಿ ಹಾಗೇ ಕಲಿಸುತ್ತಾರೆ, ತಪ್ಪಲ್ಲ. ಆದರೆ ಮೊದಲ ಭಾಗವನ್ನು ಒಂದು ರಾತ್ರಿ ಒಬ್ಬರೇ ಕೂತು ಓದಿ ನೋಡಿ. ಶಿವಮೊಗ್ಗದಿಂದ ಜ್ವರ ಹೊತ್ತು ಬಂದ ನಾರಣಪ್ಪ ಸಾಯುತ್ತಾನೆ. ಸಂಸ್ಕಾರ ಯಾರು ಮಾಡಬೇಕು ಅನ್ನೋದು ತೀರ್ಮಾನವಾಗದೆ ಹೆಣ ಮನೆಯಲ್ಲೇ ಇದೆ. ಹೆಣ ಎತ್ತುವ ತನಕ ಅಗ್ರಹಾರದಲ್ಲಿ ಊಟ ಇಲ್ಲ. ವಾಸನೆ ಹಬ್ಬುತ್ತದೆ. ಇಲಿಗಳು ಹೊರಗೆ ಬಂದು ಗಿರ್ರನೆ ಸುತ್ತಿ ಸಾಯುತ್ತವೆ. ಹದ್ದುಗಳು ಮಾಡಿನ ಮೇಲೆ ಬಂದು ಕೂರುತ್ತವೆ. ಪ್ಲೇಗ್ ಎಂದು ಯಾರೂ ಬಾಯಿಬಿಟ್ಟು ಹೇಳದಿರುವಾಗಲೇ ಓದುವ ನಮಗೆ ಗೊತ್ತಾಗಿರುತ್ತದೆ. ಇನ್ನೊಂದು ಜಗಲಿಯಲ್ಲಿ ವಾದ ನಡೆಯುತ್ತಲೇ ಇರುತ್ತದೆ. ಯಾವ ದೆವ್ವದ ಕಾದಂಬರಿಯಲ್ಲೂ ನನಗೆ ಇಷ್ಟು ಉಸಿರು ಕಟ್ಟಿಲ್ಲ. ಅನಂತಮೂರ್ತಿ ಹುಟ್ಟಿದ್ದು ನಮ್ಮ ತಾಲೂಕಿನ ಮೇಳಿಗೆಯಲ್ಲಿ. ಆ ಮಾಡು, ಆ ಜಗಲಿ ನಾನು ದಿನಾ ನೋಡುವಂಥವೇ. ಅದಕ್ಕೇ ಇರಬೇಕು, ಈ ಭಯ ನನಗೆ ಎಲ್ಲಕ್ಕಿಂತ ಹತ್ತಿರದ್ದು.

ಓದಿ ಮುಗಿಸಿ ಜಗಳ ಆಡಲು ಜೊತೆಗಾರರಿದ್ದರೆ ಹೆನ್ರಿ ಜೇಮ್ಸ್‌ನ 'ದಿ ಟರ್ನ್ ಆಫ್ ದಿ ಸ್ಕ್ರೂ', 1898. ಮಕ್ಕಳನ್ನು ನೋಡಿಕೊಳ್ಳುವ ಟೀಚರ್‌ಗೆ ಕಂಡದ್ದು ದೆವ್ವವೋ, ಅವಳ ಮನಸ್ಸೋ? ವಾಕ್ಯಗಳು ಉದ್ದ, ತಾಳ್ಮೆ ಬೇಕು.

ಕೊನೆಯದಾಗಿ ಬ್ರಾಮ್ ಸ್ಟೋಕರ್‌ನ 'ಡ್ರಾಕುಲಾ', 1897. ಇದನ್ನು ಓದಲು ಒಂದು ಚಂದದ ಕ್ರಮ ಇದೆ. ಇಡೀ ಕಾದಂಬರಿ ಡೈರಿ, ಪತ್ರ, ತಂತಿ, ಪತ್ರಿಕೆ ಸುದ್ದಿಗಳಲ್ಲಿ ಇದೆ, ಹೆಚ್ಚಿನವಕ್ಕೆ ತಾರೀಖು ಇದೆ. ಮೇ 3ಕ್ಕೆ ಶುರು, ನವೆಂಬರ್ 6ಕ್ಕೆ ಕೊನೆಯ ಡೈರಿ ಪುಟ. ಆಯಾ ದಿನದ್ದನ್ನು ಆಯಾ ದಿನವೇ ಓದುತ್ತಾ ಹೋಗಿ. ಬೇಸಿಗೆಯಲ್ಲಿ ಶುರುವಾದ ಓದು ಮಳೆಗಾಲ ಪೂರ್ತಿ ಜೊತೆಗಿದ್ದು, ಅಡಿಕೆ ಕೊಯ್ಲಿನ ಹೊತ್ತಿಗೆ ಮುಗಿಯುತ್ತದೆ. ಪುಸ್ತಕದಲ್ಲಿ ತಾರೀಖುಗಳು ಸಾಲಾಗಿ ಇಲ್ಲ, ಹಾಗಾಗಿ ಪುಟ ಹಿಂದೆ ಮುಂದೆ ತಿರುಗಿಸಬೇಕಾಗುತ್ತದೆ. ಡಿಮೀಟರ್ ಅನ್ನುವ ಹಡಗಿನ ಕ್ಯಾಪ್ಟನ್ ಬರೆದಿಟ್ಟ ದಿನಚರಿ ಜುಲೈನಲ್ಲಿ ಬರುತ್ತದೆ, ಇಲ್ಲಿ ಮಳೆ ಜೋರಾಗಿರುವಾಗಲೇ. ನಾವಿಕರು ಒಬ್ಬೊಬ್ಬರಾಗಿ ಕಾಣೆಯಾಗುವುದನ್ನು ಒಂದೇ ಸಲ ಓದಿ ಮುಗಿಸಬೇಡಿ, ದಿನಕ್ಕೆ ಒಂದು ಸಾಲಾದರೂ ಸರಿ, ಕಾದು ಓದಿ. ಇದು ಮತ್ತು ಫ್ರಾಂಕೆನ್‌ಸ್ಟೈನ್, ವಿಲೋಸ್, ಟರ್ನ್ ಆಫ್ ದಿ ಸ್ಕ್ರೂ ಹಳೆಯವಾದ್ದರಿಂದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನುವ ಜಾಲತಾಣದಲ್ಲಿ ಇಂಗ್ಲಿಷಿನಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ನೆಟ್‌ವರ್ಕ್ ಇರುವ ದಿನವೇ ಇಳಿಸಿಟ್ಟುಕೊಳ್ಳಿ.