ಮೀಟರ್‌ಗಾಗಿ ಹಾಕಿದ ಸೋಲಾರ್

ವಿಜಯನಗರದಲ್ಲಿ ಮೂವತ್ತು-ನಲವತ್ತರ ಸೈಟು, ಗ್ರೌಂಡ್ ಮೇಲೆ ಮೂರು ಫ್ಲೋರ್. ಸೈಟ್ ಎಂಜಿನಿಯರ್ ಆಗಿ ಪಾಯದಿಂದ ಪೇಂಟಿಂಗ್‌ವರೆಗೆ ನಾನೊಬ್ಬಳೇ ನೋಡಿಕೊಂಡ ಮೊದಲ ಮನೆ ಅದು. ಗೃಹಪ್ರವೇಶ ಆಗಿ ಎರಡು ತಿಂಗಳಿಗೆ ಮನೆಯವರು ಫೋನ್ ಮಾಡಿದರು. "ಮೇಡಂ, ಸೋಲಾರ್ ಇದ್ರೂ ಅಮ್ಮ ದಿನಾ ಗೀಸರ್ ಹಾಕ್ತಾರೆ. ಬಿಲ್ ಜಾಸ್ತಿ ಬರ್ತಿದೆ. ಒಂದ್ಸಲ ಬಂದು ನೋಡ್ತೀರಾ?"

ಡಿಸೆಂಬರ್ ತಿಂಗಳು. ಬೆಳಿಗ್ಗೆ ಆರೂವರೆಗೆ ಹೋದೆ. ಅವರ ಅಮ್ಮ, ಅಂದರೆ ಅಜ್ಜಿ, ಇರುವುದು ಗ್ರೌಂಡ್ ಫ್ಲೋರಿನಲ್ಲಿ. ಬಚ್ಚಲಿಗೆ ಕರೆದುಕೊಂಡು ಹೋಗಿ ಬಿಸಿನೀರಿನ ನಲ್ಲಿ ತಿರುಗಿಸಿ, "ಕೈ ಇಟ್ಟು ನೋಡಮ್ಮಾ" ಅಂದರು. ತಣ್ಣಗಿತ್ತು. 15 ಲೀಟರಿನ ಬಕೆಟ್ ಇಟ್ಟೆ. ಅದು ತುಂಬಿತು, ನೀರು ಇನ್ನೂ ತಣ್ಣಗೇ. ಎರಡನೇ ಬಕೆಟ್ ಅರ್ಧ ಆಗುವಾಗ ಉಗುರು ಬೆಚ್ಚಗಾಯಿತು. "ಇಷ್ಟು ನೀರು ಚೆಲ್ಲೋಕೆ ಮನಸ್ಸು ಬರಲ್ಲ. ಅದಕ್ಕೇ ಗೀಸರ್ ಹಾಕ್ಕೋತೀನಿ" ಅಂದರು ಅಜ್ಜಿ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವ ಊರಲ್ಲಿ ಅವರು ಹೇಳಿದ್ದು ಸರಿ ಅಲ್ವಾ?

ಟೇಪ್ ಹಿಡಿದು ಅಳೆದೆ. ಟೆರೇಸಿನ ಸೋಲಾರ್ ಟ್ಯಾಂಕಿನಿಂದ ಅಜ್ಜಿಯ ನಲ್ಲಿಗೆ 26 ಮೀಟರ್ ಪೈಪ್. ಒಂದು ಇಂಚಿನ ಪೈಪಲ್ಲಿ ಮೀಟರಿಗೆ ಹತ್ತಿರ ಹತ್ತಿರ ಅರ್ಧ ಲೀಟರ್ ನೀರು ನಿಲ್ಲುತ್ತದೆ. ರಾತ್ರಿಯೆಲ್ಲ ನಿಂತು ಆರಿದ ಆ 13 ಲೀಟರ್ ಮೊದಲು ಹೊರಗೆ ಬರಬೇಕು. ಹಿಂದೆ ಬರುವ ಬಿಸಿನೀರಿನ ಕಾವನ್ನು ತಣ್ಣನೆಯ ಪೈಪೇ ಹೀರಿಕೊಳ್ಳುತ್ತದೆ. ಟೆರೇಸಿನ ಬಿಸಿಲಲ್ಲಿ, ಗಾಳಿಯಲ್ಲಿ ಓಡುವ ಪೈಪಿಗೂ ಇನ್ಸುಲೇಷನ್ ಇರಲಿಲ್ಲ. ಸಾಲದ್ದಕ್ಕೆ ಪ್ಯಾನೆಲ್ ಮೇಲೆ ಹತ್ತು ಗಂಟೆವರೆಗೂ ಮೆಟ್ಟಿಲಿನ ಮೇಲಿನ ಕೋಣೆಯ, ಅಂದರೆ ಹೆಡ್‌ರೂಮಿನ ನೆರಳು.

ಇದು ಪ್ಲಂಬರ್ ತಪ್ಪಲ್ಲ, ನನ್ನದು. ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಅಂತ ಕರ್ನಾಟಕ ಸರ್ಕಾರ 2007ರಲ್ಲೇ ಆದೇಶ ಮಾಡಿತು. ಸೋಲಾರ್ ಇಲ್ಲದಿದ್ದರೆ ಕರೆಂಟ್ ಕನೆಕ್ಷನ್ ಸಿಗಲ್ಲ. ಹಾಗಾಗಿ ನನ್ನ ಲಿಸ್ಟಿನಲ್ಲಿ ಸೋಲಾರ್ ಇದ್ದದ್ದು ಕರೆಂಟ್ ಮೀಟರ್ ಕೆಲಸದ ಪಕ್ಕದಲ್ಲಿ, ಕೊನೆಯಲ್ಲಿ. ಆ ಹೊತ್ತಿಗೆ ಮೋಲ್ಡ್ ಆಗಿತ್ತು, ಪೈಪ್‌ಗಳು ಇಳಿಯುವ ಡಕ್ಟ್ ಮುಚ್ಚಿತ್ತು. ಟೆರೇಸಲ್ಲಿ ಎಲ್ಲಿ ಜಾಗ ಉಳಿದಿತ್ತೋ ಅಲ್ಲಿ ಇಡಿಸಿದೆ. ಕಾನೂನು ಕೇಳಿದ್ದು ಟೆರೇಸ್ ಮೇಲೆ ಬಂತು. ಅದು ಉಳಿಸಬೇಕಿದ್ದ ಕರೆಂಟ್ ಮಾತ್ರ ಉಳಿಯಲಿಲ್ಲ. ಎರಡು ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್, ಅದೂ ದಿನಾ.

ಆಮೇಲೆ ಮನೆಗಳಿಗೆ ಅಂತಲೇ ಇರುವ ಇಂಧನ ಉಳಿತಾಯದ ನಿಯಮಾವಳಿ, ಇಕೋ ನಿವಾಸ್ ಸಂಹಿತಾ, ತೆರೆದು ಕೂತು ಓದಿದೆ. 2001ರ ಇಂಧನ ಸಂರಕ್ಷಣೆ ಕಾಯ್ದೆಯ ಕೆಳಗೆ ಶುರುವಾದ ಬಿಇಇ (ಕೇಂದ್ರದ ಇಂಧನ ದಕ್ಷತಾ ಬ್ಯೂರೋ) ಅದನ್ನು ತಂದದ್ದು 2018ರಲ್ಲಿ. ಗೋಡೆ ಯಾವ ಬ್ಲಾಕಿನದು, ಪಶ್ಚಿಮದ ಕಿಟಕಿ ಎಷ್ಟು ದೊಡ್ಡದು, ಸಜ್ಜಾ ಎಷ್ಟು ಮುಂದೆ ಬರಬೇಕು, ಎಲ್ಲವನ್ನೂ ಡ್ರಾಯಿಂಗ್ ಮೇಲೇ ಲೆಕ್ಕ ಹಾಕಿಸುತ್ತದೆ. ಗೋಡೆ, ಕಿಟಕಿಗಳಿಂದ ಒಳಗೆ ಬರುವ ಶಾಖ ಸರಾಸರಿ ಚದರ ಮೀಟರಿಗೆ 15 ವ್ಯಾಟ್ ಮೀರಬಾರದು ಅನ್ನುತ್ತದೆ. ಅದು ಬಂದಾಗ ಹೇಳಿದ್ದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಸೈಟುಗಳಿಗೆ. ಮೂವತ್ತು-ನಲವತ್ತು ಅಂದರೆ ಬರೀ 111. ಆದರೂ ಅದನ್ನು ಓದಿದಾಗಲೇ ನನ್ನ ತಪ್ಪು ಡ್ರಾಯಿಂಗ್ ಹಂತದಲ್ಲೇ ಶುರುವಾಯಿತು ಅನ್ನೋದು ಕಣ್ಣಿಗೆ ಕಂಡಿತು. 2022ರ ತಿದ್ದುಪಡಿಯಲ್ಲಿ 100 ಕಿಲೋವ್ಯಾಟ್ ಮತ್ತು ಅದಕ್ಕಿಂತ ಹೆಚ್ಚು ಲೋಡಿನ ವಸತಿ ಕಟ್ಟಡಗಳೂ ಕಾಯ್ದೆಯ ಒಳಗೆ ಬಂದಿವೆ. ಅಪಾರ್ಟ್‌ಮೆಂಟ್ ಕೆಲಸ ಮಾಡುವವರು ಇದನ್ನು ಈಗಲೇ ಓದಿಕೊಳ್ಳಿ.

ಅಜ್ಜಿ ಮನೆಯಲ್ಲಿ ಪ್ಯಾನೆಲನ್ನು ದಕ್ಷಿಣದ ಅಂಚಿಗೆ ತಂದೆವು. ಟ್ಯಾಂಕಿನಿಂದ ಹಿಂದಿನ ಗೋಡೆ ಹಿಡಿದು ಬಿಸಿನೀರಿಗೆ ಬಳಸುವ ಮುಕ್ಕಾಲು ಇಂಚಿನ ಸಿಪಿವಿಸಿ ಪ್ಲಾಸ್ಟಿಕ್ ಪೈಪ್ ನೇರ ಕೆಳಗೆ ಇಳಿಸಿ, ಉದ್ದಕ್ಕೂ ಇನ್ಸುಲೇಷನ್ ಸುತ್ತಿಸಿದೆ. ಈಗ 16 ಮೀಟರ್, ನಿಲ್ಲುವ ನೀರು ಸುಮಾರು ನಾಲ್ಕು ಲೀಟರ್. ಆ ನಾಲ್ಕು ಲೀಟರನ್ನು ಅಜ್ಜಿ ಒಂದು ಚಿಕ್ಕ ಬಕೆಟಲ್ಲಿ ಹಿಡಿದು ಗಿಡಗಳಿಗೆ ಹಾಕುತ್ತಾರೆ.

ಈಗ ಹೊಸ ಮನೆಯ ಮೊದಲ ಮೀಟಿಂಗಿಗೆ ಹೋದಾಗ ಮನೆಯವರು ಅಡುಗೆಮನೆ ಎಲ್ಲಿ ಅಂತ ಮಾತು ಶುರು ಮಾಡುತ್ತಾರೆ. ನಾನು ಟೆರೇಸಿನ ಪ್ಲ್ಯಾನ್ ಹರಡುತ್ತೇನೆ. ಹೆಡ್‌ರೂಮ್ ಉತ್ತರಕ್ಕೆ, ಪ್ಯಾನೆಲ್ ದಕ್ಷಿಣಕ್ಕೆ, ಬಚ್ಚಲುಗಳು ಒಂದರ ಮೇಲೊಂದು ಒಂದೇ ಡಕ್ಟಿಗೆ. ವಾಸ್ತು ಹೇಳುವವರ ಜೊತೆ ಒಂದಿಷ್ಟು ಮಾತಾಗುತ್ತದೆ, ಆದರೆ ಕೂತು ಮಾತಾಡಿದರೆ ದಾರಿ ಸಿಗುತ್ತದೆ. ಪೆನ್ಸಿಲ್ಲಿನಲ್ಲಿ ಡಕ್ಟ್ ಗೆರೆ ಎಳೆದ ಮೇಲೆ ಅದರ ಪಕ್ಕ ಪೈಪ್ ಎಷ್ಟು ಮೀಟರ್ ಅಂತ ಬರೆಯುತ್ತೇನೆ.