ಟೋನು ಇದೆ, ಮೋಡೆಮ್‌ಗೆ ಕೇಳಿಸ್ತಿಲ್ಲ

"ಇದೆಯಲ್ಲ ಟೋನು! ಕಿವಿ ಕೇಳಿಸಲ್ವಾ ನಿಂಗೆ?"

ಮಾವ ಹೀಗೆ ಗದರಿದ್ದು ನನಗಲ್ಲ, ವಿಂಡೋಸ್ 98 ಇರುವ ತಮ್ಮ ಹಳೆಯ ಕಂಪ್ಯೂಟರಿಗೆ. ಫೋನಿನ ರಿಸೀವರನ್ನು ಮಾನಿಟರಿನ ಮುಖಕ್ಕೇ ಹಿಡಿದಿದ್ದರು. ಪರದೆಯ ಮೇಲೆ ಎರರ್ 680. ಅಂದರೆ ಫೋನೆತ್ತಿದ ಕೂಡಲೇ ಲೈನಿನಲ್ಲಿ ಬರುವ ಡಯಲ್ ಟೋನ್ ಇಲ್ಲ. ರಿಸೀವರಿನಲ್ಲಿ ಅದೇ ಟೋನು ನನಗೂ ಕೇಳುವಷ್ಟು ಜೋರಾಗಿ ಬರುತ್ತಿತ್ತು.

ಒಳಗಿಂದ ಅತ್ತೆ ಅಂದರು, "ಈಗ ಗೊತ್ತಾಯ್ತಾ ನನ್ನ ಕಷ್ಟ?"

ಮಾವ ಕಿವಿಯ ಮಿಷನ್ನು ಸರಿಮಾಡಿಕೊಂಡರು. "ನಿನ್ನದಲ್ಲ. ಇದರ ಕಷ್ಟ ಗೊತ್ತಾಯ್ತು."

ಈ ವಾರವೆಲ್ಲ ನನ್ನ ತಲೆಯಲ್ಲಿ ಇದೇ ಮಾತು ಓಡಾಡುತ್ತಿದೆ.

ವಿಷಯ ಇಷ್ಟೇ. ಮಾವನಿಗೂ ಅವರ ಗೆಳೆಯರೊಬ್ಬರಿಗೂ ಹಳೆಯ ಮೋಡೆಮ್‌ಗಳಿವೆ, ಕಂಪ್ಯೂಟರಿನ ಮಾಹಿತಿಯನ್ನು ಸದ್ದಾಗಿ ಮಾಡಿ ಫೋನ್ ಲೈನಿನಲ್ಲಿ ಕಳಿಸುವ ಸಾಧನಗಳು. ಒಂದರಿಂದ ಇನ್ನೊಂದಕ್ಕೆ ನೇರವಾಗಿ ಫೋನ್ ಹಾಕಿ ಫೈಲ್ ಕಳಿಸಬೇಕು ಅಂತ ಇಬ್ಬರಿಗೂ ಆಸೆ. ಯಾಕೆ ಅಂತ ನಾನು ಕೇಳಲಿಲ್ಲ. ಮಾವನ ಮಗ ಕೇಳಿದ. "ಅಮೆರಿಕದ ಇಂಟರ್ನೆಟ್ ಕಂಪನಿ ಎಓಎಲ್‌ನವರೇ 2025ರ ಸೆಪ್ಟೆಂಬರ್ 30ಕ್ಕೆ ಫೋನ್ ಲೈನಿನ ಡಯಲ್-ಅಪ್ ಇಂಟರ್ನೆಟ್ ನಿಲ್ಲಿಸಿದ್ರು, ನಿಮಗ್ಯಾಕೆ ಇದು" ಅಂದ. ಅವನ ಮಾತಿನಲ್ಲಿ ತಪ್ಪೇನಿಲ್ಲ. ಆದರೆ ಅವನು ಯಾವುದನ್ನೂ ಬಿಚ್ಚಿ ನೋಡುವವನಲ್ಲ. ಕೆಟ್ಟರೆ ಹೊಸದು ತಾ ಅನ್ನುವ ಜಾತಿ.

680 ಬಂದಾಗ ನೋಡಬೇಕಾದ್ದನ್ನೆಲ್ಲ ನೋಡಿದೆವು. ಮೋಡೆಮ್‌ನ ಹಿಂದೆ ಒಂದೇ ತರಹದ ಎರಡು ತೂತುಗಳಿರುತ್ತವೆ. ಒಂದು ಗೋಡೆಯಿಂದ ಬರುವ ಲೈನಿಗೆ, ಇನ್ನೊಂದು ಫೋನಿಗೆ. ವಯರು ಅದಲುಬದಲಾದರೆ ಇದೇ ಎರರ್ ಬರಬಹುದು. ನಮ್ಮದು ಸರಿಯಾಗಿಯೇ ಇತ್ತು. ಬೇರೆ ಕೋಣೆಯ ಫೋನು ಎತ್ತಿಟ್ಟಿರಲಿಲ್ಲ. ವಯರು ಬದಲಾಯಿಸಿದರೂ ಅದೇ 680.

ಫೋನ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಆ ಹುಡುಗ ತುಂಬಾ ಮರ್ಯಾದೆಯಿಂದ ಮಾತಾಡಿದ, ಅದನ್ನು ಒಪ್ಪಲೇಬೇಕು. "ಮೇಡಮ್, ನಿಮಗೆ ಡಯಲ್ ಟೋನ್ ಕೇಳಿಸ್ತಿದೆ ಅಲ್ವಾ? ಹಾಗಾದ್ರೆ ಲೈನ್ ಸರಿ ಇದೆ." ನನಗೆ ಕೇಳಿಸ್ತಿದೆ, ಮೋಡೆಮ್‌ಗೆ ಕೇಳಿಸ್ತಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅದನ್ನೇ ಹೇಳಿದ. ಕೇಳಿಸ್ತಿದೆ ಅಲ್ವಾ?

ಅಲ್ಲೇ ಇದ್ದದ್ದು ಗಂಟು. ಕೇಳದೆ ಬಿಟ್ಟ ವಾಯ್ಸ್‌ಮೇಲ್ ಇದ್ದರೆ ಕೆಲವು ಲೈನುಗಳಲ್ಲಿ ಟೋನು ಮೊದಲು ತುಂಡು ತುಂಡಾಗಿ ಬರುತ್ತದೆ. ನಮ್ಮ ಕಿವಿಗೆ ಅದೂ ಡಯಲ್ ಟೋನೇ. ಕೆಲವು ಮೋಡೆಮ್‌ಗಳು ಒಂದೇ ಸಮನೆ ಬರುವ ಟೋನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತವೆ. ತುಂಡಾಗಿ ಬಂದರೆ ಏನೂ ಇಲ್ಲ ಅಂತ ತೀರ್ಮಾನಿಸಿ ಕೈಚೆಲ್ಲುತ್ತವೆ. ಮಾವನ ರಿಸೀವರಿನಲ್ಲಿ ಗಮನ ಕೊಟ್ಟು ಕೇಳಿದರೆ ಶುರುವಿನ ಆ ತಡವರಿಕೆ ಗೊತ್ತಾಗುತ್ತಿತ್ತು. ವಾಯ್ಸ್‌ಮೇಲ್ ಅಳಿಸುವುದು ಒಂದು ದಾರಿ. ನಾವು ಇನ್ನೊಂದನ್ನು ಹಿಡಿದೆವು. ಮೋಡೆಮ್ ಪ್ರಾಪರ್ಟೀಸ್‌ನಲ್ಲಿ 'ಡಯಲ್ ಟೋನಿಗೆ ಕಾದು ಡಯಲ್ ಮಾಡು' ಅನ್ನುವ ಟಿಕ್ ತೆಗೆದೆವು. ಮೋಡೆಮ್‌ಗೆ ಕೊಡುವ ಎಟಿಎಕ್ಸ್3 ಅನ್ನುವ ಆದೇಶ ಮಾಡುವುದೂ ಅದನ್ನೇ. ಕೇಳಿಸಲಿ ಬಿಡಲಿ, ನಂಬರ್ ಒತ್ತು ಅಂತ.

ಒತ್ತಿತು. ಆ ಕಡೆಯ ಮೋಡೆಮ್ ಎತ್ತಿತು. 2100 ಹರ್ಟ್ಸ್‌ನ ಆ ಉದ್ದದ ಶಿಳ್ಳೆ, ಆಮೇಲೆ ಕರಕರ. ಮಾವನ ಮುಖ ಅರಳಿತು. ಅಷ್ಟರಲ್ಲೇ ಕಟ್. ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ಫೈಲಿನಲ್ಲಿ 'ನೋ ಕ್ಯಾರಿಯರ್', ಅಂದರೆ ಆ ಕಡೆಯ ಮೋಡೆಮ್‌ನ ಸಂಕೇತ ಸಿಗುತ್ತಿಲ್ಲ.

"ಮಾತಾಡಿದ್ರೆ ಅವನ ದನಿ ಚೆನ್ನಾಗೇ ಕೇಳುತ್ತಲ್ಲೇ" ಅಂದರು ಮಾವ. ಹೌದು, ಚೆನ್ನಾಗಿ ಕೇಳುತ್ತದೆ. ಮಾವನ ಮನೆಗೆ ಈಗ ತಾಮ್ರದ ತಂತಿ ಇಲ್ಲ. ಫೈಬರ್ ಪೆಟ್ಟಿಗೆಯೊಂದು ಮಾತನ್ನು ಚೂರು ಚೂರು ಮಾಡಿ ಪ್ಯಾಕೆಟ್‌ಗಳಲ್ಲಿ ಕಳಿಸುತ್ತದೆ. ಒಂದು ಚೂರು ದಾರಿಯಲ್ಲಿ ಕಳೆದುಹೋದರೂ ಮನುಷ್ಯರ ಕಿವಿ ತುಂಬಿಕೊಂಡು ಮುಂದೆ ಹೋಗುತ್ತದೆ. ಮೋಡೆಮ್‌ಗೆ ಆ ಚಾಲಾಕಿ ಇಲ್ಲ. ಅದು ಅಲೆಯ ಹಂತವನ್ನೂ ಎತ್ತರವನ್ನೂ ಅಳೆದು ಓದುತ್ತದೆ. ನಡುವೆ ಖಾಲಿ ಬಿದ್ದರೆ ಹೊಂದಾಣಿಕೆಯೇ ತಪ್ಪುತ್ತದೆ. ಜಾಗ ಉಳಿಸಲು ಮಾತನ್ನು ಹಿಂಡುವ ಕೋಡೆಕ್ (ದನಿಯನ್ನು ಅಂಕಿಗಳಾಗಿ ಮಾಡುವ ವಿಧಾನ) ಇದ್ದರಂತೂ ಮುಗಿಯಿತು. ಅದು ಮನುಷ್ಯರ ದನಿಗೆ ಬೇಕಾದ್ದನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಹಳೆಯ ಲೈನು ಕೂಡ 300ರಿಂದ 3400 ಹರ್ಟ್ಸ್‌ವರೆಗೆ ಮಾತ್ರ ಸಾಗಿಸುತ್ತಿತ್ತು. ಅದನ್ನೂ ಮಾತಿಗೆ ಅಂತಲೇ ಅಳೆದು ಮಾಡಿದ್ದು. ಮೋಡೆಮ್ ಮೊದಲಿನಿಂದಲೂ ಬೇರೆಯವರ ದಾರಿಯಲ್ಲೇ ಓಡಾಡಿದ್ದು, ಪಾಪ.

ಮಾವನಿಗೆ ಇದನ್ನು ಹೇಳುವಾಗ ಅವರು ತಲೆ ಅಲ್ಲಾಡಿಸಿದ ರೀತಿ ನೋಡಬೇಕಿತ್ತು. ಅವರ ಕಿವಿಯೂ ಹಾಗೇ. ವಯಸ್ಸಾದಂತೆ ಮೊದಲು ಹೋಗುವುದು ತೀಕ್ಷ್ಣ ದನಿಗಳು. ಸ, ಶ, ಫ ಎಲ್ಲ ಮಸುಕು. ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನು ಅಂತ ಬಿಡಿಸಲು ಬರುವುದಿಲ್ಲ. ಡಯಲ್ ಟೋನಿನಂಥ ತಗ್ಗಿನ ದನಿ ಸೊಗಸಾಗಿ ಕೇಳುತ್ತದೆ. ಅದಕ್ಕೇ ಮನೆಯವರಿಗೆಲ್ಲ ಅನುಮಾನ: ಬೇಕಾದ್ದು ಕೇಳಿಸುತ್ತೆ, ಬೇಡದ್ದು ಕೇಳಿಸಲ್ಲ. ನಾನೂ ಇದನ್ನು ಹೇಳಿ ನಕ್ಕವಳೇ. ಜೋರಾಗಿ ಹೇಳಿದರೆ ಸಾಕು ಅಂತ ಅತ್ತೆ ಅಂದುಕೊಂಡಿದ್ದಾರೆ. ಜೋರು ಮಾಡಿದರೆ ಮಸುಕೇ ಜೋರಾಗುತ್ತದೆ ಅನ್ನುತ್ತಾರೆ ಮಾವ. ನಿಧಾನ ಮಾಡಿದರೆ ಉಪಯೋಗವಂತೆ.

ಮೋಡೆಮ್‌ಗೂ ಅದೇ ಮದ್ದು. ಮನೆಯ ಎರಡು ಮೋಡೆಮ್‌ಗಳ ನಡುವೆ ಸೆಕೆಂಡಿಗೆ 56,000 ಬಿಟ್‌ಗಳ '56ಕೆ' ವೇಗ ಹೇಗೂ ಸಿಗುವುದಿಲ್ಲ. ಅದಕ್ಕೆ ಒಂದು ತುದಿಯ ಮೋಡೆಮ್ ಫೋನ್ ಜಾಲಕ್ಕೆ ನೇರ ಡಿಜಿಟಲ್ ಆಗಿ ಸೇರಿರಬೇಕು. ಹೆಚ್ಚೆಂದರೆ 33,600. ನಾವು ಅದನ್ನೂ ಬಿಟ್ಟು 9,600ಕ್ಕೆ ಇಳಿಸಿದೆವು. ಸಂಪರ್ಕ ಕಟ್ಟಾಗದೆ ಉಳಿಯಿತು! ಒಂದು ಪುಟ್ಟ ಟೆಕ್ಸ್ಟ್ ಫೈಲು ಆ ಕಡೆ ಹೋಯಿತು. ದೊಡ್ಡ ಫೈಲಿನ ನಡುವೆ ಮತ್ತೆ ಕಟ್ಟಾಯಿತು. ಮಾವನಿಗೆ ಅದೂ ಖುಷಿಯೇ, ನಾಳೆಗೆ ಕೆಲಸ ಉಳಿಯಿತಲ್ಲ.

ಒಂದು ಮಾತು ಹೇಳಲೇಬೇಕು. ಆ ಹಳೆಯ ಪರದೆ 680 ಅನ್ನುತ್ತದೆ. ಎಲ್ಲಿಗೆ ಬಂದು ನಿಂತೆ ಅಂತಾದರೂ ಹೇಳುತ್ತದೆ. ಈಗಿನ ಆ್ಯಪ್‌ಗಳು 'ಏನೋ ತಪ್ಪಾಗಿದೆ, ಸ್ವಲ್ಪ ಹೊತ್ತು ಬಿಟ್ಟು ನೋಡಿ' ಅಂತ ಬಾಗಿಲು ಹಾಕಿಕೊಳ್ಳುತ್ತವೆ. ನನಗಂತೂ ಮೈಯೆಲ್ಲ ಉರಿಯುತ್ತದೆ.

ಸೋಮವಾರ ಆ ಸಹಾಯವಾಣಿಗೆ ಮತ್ತೆ ಫೋನ್ ಮಾಡಬೇಕು. ಡಯಲ್ ಟೋನಿನ ಸುದ್ದಿ ಎತ್ತುವುದಿಲ್ಲ. ಪೆಟ್ಟಿಗೆಯಲ್ಲಿ ಯಾವ ಕೋಡೆಕ್ ಇದೆ, ಅದನ್ನು ಬಿಟ್ಟು ಮಾತನ್ನು ಹಿಂಡದೆ ಕಳಿಸುವ ಜಿ.711 ಅನ್ನುವ ಕೋಡೆಕ್‌ಗೆ ಬದಲಾಯಿಸಬಹುದಾ ಅಂತ ಕೇಳುತ್ತೇನೆ. ಅದೇ ಹುಡುಗ ಸಿಕ್ಕರೆ ನಿಧಾನವಾಗಿ ಕೇಳುತ್ತೇನೆ.